ಆಳಿನ ಆಳು

ಹೊಸ ಸಾಹೇಬ ಬೊಕಾರ್ ಸೆಕ್ ಎಸಾಂಬೇನ್ ಹಳ್ಳಿಗೆ ಮೊದಲ ಸಲ ಹೊರಟಾಗ ದಾರಿಗೆ ಅಡ್ಡ ಕೂತಿದ್ದವರು ಹೆಂಗಸರು. ಗಂಡಸರಾಗಿದ್ದರೆ ಮಾತಾಡಿಸಬಹುದಿತ್ತು, ಗದರಿಸಬಹುದಿತ್ತು, ಕೊನೆಗೊಂದು ಸಿಗರೇಟು ಕೊಟ್ಟಾದರೂ ಒಲಿಸಿಕೊಳ್ಳಬಹುದಿತ್ತು. ಹೆಂಗಸರ ವಿಷಯ ಹಾಗಲ್ಲ. ಉಪ್ಪುನೀರಿನ ಹೊಳೆಯಂಚಿನ ಕಾಂಡ್ಲಾ ಗಿಡಗಳ ನೆರಳಲ್ಲಿ, ದೋಣಿ ಹತ್ತುವ ಜಾಗಕ್ಕೆ ಸರಿಯಾಗಿ ಅಡ್ಡಲಾಗಿ ಕಾಲು ಚಾಚಿ, ಅವರು ಚಿಪ್ಪುಮೀನು ಬಿಡಿಸುತ್ತಾ ಕೂತಿದ್ದರು. ಸರ್ಕಾರದ ಜೀಪು ನಿಂತದ್ದನ್ನು ಯಾರೂ ತಲೆಯೆತ್ತಿ ನೋಡಲಿಲ್ಲ. ಚಿಪ್ಪು ಒಡೆಯುವ ಕತ್ತಿಗಳು ಮಾತ್ರ ಕೊಂಚ ಜೋರಾಗಿ ಸದ್ದು ಮಾಡತೊಡಗಿದವು.

ಆ ಹಳ್ಳಿಗೆ ಸರ್ಕಾರವೆಂದರೆ ಆಗದು. ಗಲಾಟೆಯ ವರ್ಷಗಳಲ್ಲಿ ಹೊಳೆಯ ಮೇಲಿನ ಮರದ ಸೇತುವೆ ಸುಟ್ಟುಹೋಯಿತು. ಸುಟ್ಟವರು ಬೇರೆ ನಾಡು ಬೇಕೆಂದು ಕಾಡು ಸೇರಿದ ಹುಡುಗರು ಎಂದು ಸೈನಿಕರು ಹೇಳಿದರು. ಸೈನಿಕರೇ ಸುಟ್ಟರೆಂದು ಕಾಡಿನ ಹುಡುಗರು ಹೇಳಿದರು. ಕಣ್ಣಾರೆ ಕಂಡಿದ್ದ ಹೊಳೆ ಏನೂ ಹೇಳದೆ ಹರಿಯಿತು. ಅಂದಿನಿಂದ ಎಸಾಂಬೇನ್ ದ್ವೀಪದ ಹಾಗಾಯಿತು. ಹೆರಿಗೆ ನೋವು ಬಂದ ಹೆಂಗಸನ್ನು ದೋಣಿಯಲ್ಲಿ ಮಲಗಿಸಿಕೊಂಡು ಹೋಗಬೇಕು. ಇಳಿತದ ಹೊತ್ತಾದರೆ ದೋಣಿ ಕೆಸರಲ್ಲಿ ಕೂತುಬಿಡುತ್ತದೆ. ಆಮೇಲೆ ಕಾಯುವವನು ಮೇಲಿದ್ದಾನೆ, ಅಷ್ಟೆ.

ಈಗ ಸರ್ಕಾರ ಗಟ್ಟಿ ಸೇತುವೆ ಕಟ್ಟಿಸಿಕೊಡುತ್ತೇನೆ ಎನ್ನುತ್ತಿತ್ತು. ಆದರೆ ಸೇತುವೆಯ ಆಚೆ ತುದಿ ಬಂದು ಮುಟ್ಟಬೇಕಾದದ್ದು ಊರಿನ ದೊಡ್ಡ ಬೂರುಗದ ಮರದ ಬುಡಕ್ಕೆ, ಅಂದರೆ ಹೆಂಗಸರ ಗುಡಿಯ ಪಕ್ಕಕ್ಕೆ. ಗುಡಿಯೆಂದರೆ ಗೋಪುರವಲ್ಲ, ನೆಲದಲ್ಲಿ ನೆಟ್ಟ ನಾಲ್ಕಾರು ಕವೆಗೋಲು, ಮಗುಚಿಟ್ಟ ಗಡಿಗೆ, ಕಳ್ಳು ಎರೆದು ಎರೆದು ಕಪ್ಪಾದ ಮಣ್ಣು. ಹಳ್ಳಿಯವರು ಭಾನುವಾರ ಚರ್ಚಿಗೂ ಹೋಗುತ್ತಾರೆ, ಮಿಕ್ಕ ದಿನ ಇಲ್ಲಿಗೂ ಬರುತ್ತಾರೆ. ದೇವರು ಎರಡೂ ಕಡೆ ಕಿವಿ ಕೊಡುತ್ತಾನೆ ಎಂಬ ಬಗ್ಗೆ ಅವರಿಗೆ ಸಂಶಯವಿಲ್ಲ. ಗುಡಿಯ ಹೆಂಗಸರು ಒಪ್ಪದೆ ಅಲ್ಲಿ ಒಂದು ಗೂಟವನ್ನೂ ಇಳಿಸುವಂತಿಲ್ಲ. ಬೊಕಾರ್‌ಗಿಂತ ಮುಂಚೆ ಬಂದ ಸಾಹೇಬರು ಇದೇ ಕಾಂಡ್ಲಾ ನೆರಳಿನಿಂದ ಹಿಂದಕ್ಕೆ ಹೋಗಿದ್ದರು. ಮಳೆಗಾಲ ಹಿಡಿಯುವ ಮೊದಲು ಗೂಟ ಬೀಳದಿದ್ದರೆ ಸೇತುವೆ ಬೇರೊಂದು ಊರಿನ ಪಾಲಾಗುತ್ತದೆ ಎಂದು ಮೇಲಿನವರು ಈತನಿಗೆ ಹೇಳಿ ಕಳಿಸಿದ್ದರು.

ಹೆಂಗಸರ ನಡುವೆ ಇದ್ದ ಮುದುಕಿ ಯೂಲಾಲಿ ಬಸ್ಸೇನ್. ಗುಡಿಗೆ ಕಳ್ಳು ಎರೆಯುವವಳು ಅವಳೇ. ಅವಳು ಕತ್ತಿ ನಿಲ್ಲಿಸದೆ, ಸೆನೆಗಲ್‌ನಿಂದ ಬಂದೆಯಾ ಎಂದು ಬೊಕಾರ್‌ನನ್ನು ಕೇಳಿದಳು. ನಿಂತ ನೆಲವೂ ಸೆನೆಗಲ್ಲೇ. ಆದರೆ ಕಾಸಾಮಾನ್ಸ್ ಸೀಮೆಯ ಜೋಲಾ ಜನರ ಬಾಯಲ್ಲಿ, ಉತ್ತರಕ್ಕೆ ದಾಟಿದರೆ ಬರುವುದು ಸೆನೆಗಲ್, ತಾವಿರುವುದು ತಮ್ಮೂರು. ಬೊಕಾರ್ ಓದಿ ಪಾಸಾಗಿ ಬಂದವನು. ಇದೂ ಸೆನೆಗಲ್ಲೇ, ನಾವೆಲ್ಲ ಒಂದೇ ದೇಶ, ಒಂದೇ ಬಾವುಟ ಎಂದು ವಿವರಿಸತೊಡಗಿದ. ಕತ್ತಿಗಳ ಸದ್ದು ಇನ್ನಷ್ಟು ಏರಿತು. ಜೀಪಿನ ಡ್ರೈವರ್ ಲಾಂಡಿಂಗ್ ಆ ಸೀಮೆಯವನೇ. ಆ ಸದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವನಿಗೆ ಗೊತ್ತಿತ್ತು. ಬೆವರು ಒರೆಸಿಕೊಂಡು ನಡುವೆ ಬಾಯಿ ಹಾಕಿದ.

"ಅಜ್ಜೀ, ಸಾಹೇಬ್ರು ಸೆರೇರ್ ಕಣಜ್ಜಿ."

ಕತ್ತಿಗಳು ನಿಂತವು. ಯೂಲಾಲಿ ಮೊದಲ ಸಲ ತಲೆಯೆತ್ತಿ ಬೊಕಾರ್‌ನ ಮುಖ ನೋಡಿದಳು. ಅವಳ ಬಾಯಿ ನಿಧಾನವಾಗಿ ಅಗಲವಾಯಿತು, ಹಿಂದೆಯೇ ಎಲ್ಲರ ಬಾಯೂ. ಆ ನಗುವಿಗೆ ಕಾಂಡ್ಲಾ ಗಿಡದ ಮೇಲಿದ್ದ ಬೆಳ್ಳಕ್ಕಿಗಳು ಎದ್ದು ಹೋದವು.

ಯಾಕೆಂದರೆ ಜೋಲಾ ಜನಕ್ಕೂ ಸೆರೇರ್ ಜನಕ್ಕೂ ಇರುವುದು ಗೇಲಿಯ ನೆಂಟಸ್ತಿಕೆ. ಹಿಂದೆ ಇಬ್ಬರು ಅಕ್ಕತಂಗಿಯರು ಹೋಗುತ್ತಿದ್ದ ದೋಣಿ ಸಮುದ್ರದಲ್ಲಿ ಎರಡು ಹೋಳಾಯಿತಂತೆ. ಒಂದು ಹೋಳು ತೇಲಿ ಉತ್ತರಕ್ಕೆ ಹೋಯಿತು, ಅವಳ ಮಕ್ಕಳು ಸೆರೇರರು. ಇನ್ನೊಂದು ಇಲ್ಲಿಗೆ ಬಂತು, ಇವಳ ಮಕ್ಕಳು ಜೋಲಾ. ಅಂದಿನಿಂದ ಇವರು ಅವರನ್ನು 'ನಮ್ಮ ಆಳು' ಎನ್ನುತ್ತಾರೆ, ಅವರು ಇವರನ್ನು 'ನಮ್ಮ ಆಳು' ಎನ್ನುತ್ತಾರೆ. ಒಬ್ಬರ ಗಡಿಗೆಗೆ ಇನ್ನೊಬ್ಬರು ಕೈ ಹಾಕಬಹುದು, ಬಾಯಿಗೆ ಬಂದಂತೆ ಬೈಯಬಹುದು. ಬೈಸಿಕೊಂಡವನು ಸಿಟ್ಟಾಗುವಂತಿಲ್ಲ, ಕೈಯೆತ್ತುವುದಂತೂ ಮಹಾಪಾಪ.

ಬೊಕಾರ್ ಸೆರೇರನಲ್ಲ. ಉತ್ತರದ ದೊಡ್ಡ ನದಿಯ ದಂಡೆಯ ತುಕುಲೋರ್ ಕುಲದವನು. ಸೆಕ್ ಎಂಬ ಮನೆತನ ಎರಡು ಕಡೆಯೂ ಇರುವುದರಿಂದ ಲಾಂಡಿಂಗ್‌ನ ಸುಳ್ಳು ನಿಂತುಕೊಂಡಿತು, ಅಷ್ಟೆ. ಅದಕ್ಕಿಂತ ಪೇಚಿನ ಸಂಗತಿಯೆಂದರೆ, ತುಕುಲೋರರಿಗೂ ಸೆರೇರರಿಗೂ ಇದೇ ಗೇಲಿಯ ನೆಂಟಸ್ತಿಕೆ ಉಂಟು. ತೊಟ್ಟಿಲಿಂದ ಇಳಿದಂದಿನಿಂದ ಬೊಕಾರ್ ಕೇಳಿ ಬೆಳೆದದ್ದು, ಸೆರೇರರು ತಮ್ಮ ಮನೆಯ ಆಳುಗಳು ಎಂದು. ಒಬ್ಬ ತುಕುಲೋರ್ ತಾನು ಸೆರೇರ್ ಎಂದು ಹೇಳಿಕೊಳ್ಳುವುದೆಂದರೆ, ಗೌಡ ಊರ ಮುಂದೆ ನಿಂತು ತನ್ನ ಮನೆಯ ಜೀತದಾಳು ತಾನೇ ಎಂದು ಸಾರಿಕೊಂಡ ಹಾಗೆ.

ಅಲ್ಲ ಎನ್ನಲು ಅವನು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಯೂಲಾಲಿ ಎದ್ದು ಬಂದು ಅವನ ಟೋಪಿ ತೆಗೆದು ತನ್ನ ತಲೆಗಿಟ್ಟುಕೊಂಡಿದ್ದಳು. "ಎಲ್ಲಿ ಹಾಳಾಗ್ಹೋಗಿದ್ದೆ ಇಷ್ಟು ದಿನ? ಬುಟ್ಟಿ ಹೊತ್ಕೋ, ನಡಿ," ಎಂದಳು. ಹಿಂದಿನ ಸಾಹೇಬರು ದಾಟಲಾರದ ಹೊಳೆಯನ್ನು ಬೊಕಾರ್ ತಲೆಯ ಮೇಲೆ ಚಿಪ್ಪುಮೀನಿನ ಬುಟ್ಟಿ ಹೊತ್ತು, ಅಂಗಿಯ ಬೆನ್ನಿಗೆಲ್ಲ ಉಪ್ಪುನೀರು ಸುರಿಸಿಕೊಂಡು ದಾಟಿದ.

ಆಮೇಲಿನ ತಿಂಗಳುಗಳು ಅವನ ಬಾಳಿನ ಒಳ್ಳೆಯ ತಿಂಗಳುಗಳಲ್ಲಿ ಸೇರಿದವು ಎಂದರೆ ತಪ್ಪಾಗದು. ಎಸಾಂಬೇನ್‌ನ ಹೆಂಗಸರು ಸಂತೆಗೆ ಬಂದಾಗ ನೇರ ಅವನ ಕಚೇರಿಗೆ ನುಗ್ಗಿ, ಅವನ ಕುರ್ಚಿಯಲ್ಲಿ ಕೂತು, ಅವನ ಚಹಾ ಕುಡಿದು, ಸಜ್ಜೆ ಮುಕ್ಕಿ ಬೆಳೆದವನಿಗೆ ಫ್ಯಾನು ಬೇರೆ ಕೇಡು ಎಂದು ಹೇಳಿ ಹೋಗುತ್ತಿದ್ದರು. ಅವನೂ ಅವರನ್ನು ಅನ್ನದ ಮೂಟೆಗಳೇ ಎಂದು ಕರೆಯಲು ಕಲಿತ. ಹಳ್ಳಿಗೆ ಹೋದರೆ ಎಣ್ಣೆತಾಳೆಯ ಕೆಂಪೆಣ್ಣೆ ತೇಲುವ ಮೀನುಸಾರು, ಗುಡ್ಡೆ ಅನ್ನ. ಜೊತೆಗೆ ಸೋರೆಬುರುಡೆಯಲ್ಲಿ ಕಳ್ಳು ಬರುತ್ತಿತ್ತು. ತಾನು ನಮಾಜು ಮಾಡುವವನು, ಮುಟ್ಟುವುದಿಲ್ಲ ಎಂದು ಅವನು ಕೈ ಮುಗಿಯುತ್ತಿದ್ದ. ಸೆರೇರ್ ಕಳ್ಳು ಬಿಟ್ಟ ಮೇಲೆ ಲೋಕ ಇನ್ನೆಷ್ಟು ದಿನ ಉಳಿದೀತು ಎಂದು ಯೂಲಾಲಿ ನಿಟ್ಟುಸಿರಿಟ್ಟು ಅವನ ಪಾಲನ್ನೂ ತಾನೇ ಕುಡಿಯುತ್ತಿದ್ದಳು.

ದಿನವೂ ಚಾಪೆಯ ಮೇಲೆ ಹಣೆಯಿಟ್ಟಾಗ ಅವನು ದೇವರ ಮುಂದೆ ಇದೊಂದು ವಾದ ಮಂಡಿಸುತ್ತಿದ್ದ: ಸುಳ್ಳು ಹೇಳಿದವನು ಲಾಂಡಿಂಗ್, ನಾನಲ್ಲ, ನಾನು ಸುಮ್ಮನಿದ್ದೆ, ಸುಮ್ಮನಿರುವುದನ್ನು ನೀನೇ ಗುಣ ಎಂದಿದ್ದೀಯೆ. ದೇವರು ಈ ವಾದಕ್ಕೆ ಏನೂ ಉತ್ತರ ಕೊಡುತ್ತಿರಲಿಲ್ಲ. ಬೊಕಾರ್ ಅದನ್ನು ಒಪ್ಪಿಗೆ ಎಂದುಕೊಂಡು ಏಳುತ್ತಿದ್ದ.

ಭತ್ತದ ಕೊಯ್ಲು ಮುಗಿದ ಮೇಲೆ ಯೂಲಾಲಿ ಬೂರುಗದ ಬುಡದಲ್ಲಿ ಕಳ್ಳು ಎರೆದು ಸೇತುವೆಗೆ ಒಪ್ಪಿಗೆ ಕೊಟ್ಟಳು. ಕಳ್ಳು ಎರೆಯುವಾಗ ಗಂಡಸರು ಹತ್ತಿರ ಬರುವಂತಿಲ್ಲವಾದ್ದರಿಂದ ಬೊಕಾರ್ ದೂರದಲ್ಲಿ ನಿಂತಿದ್ದ. ಹಿಂತಿರುಗಿ ಬಂದವಳು ತಮಾಷೆಯ ಮುಖ ಬದಿಗಿಟ್ಟು ಅವನಿಗೆ ಹೇಳಿದಳು:

"ಸರ್ಕಾರಕ್ಕಾದ್ರೆ ಕೊಡ್ತಿರ್ಲಿಲ್ಲ ಮಗಾ. ಸರ್ಕಾರ ಇವತ್ತು ಒಂದು ಮುಖ, ನಾಳೆ ಒಂದು ಮುಖ. ಸೆರೇರ್‌ಗೆ ಕೊಟ್ಟ ಮಾತು ಹಾಗಲ್ಲ. ನೀನು ಮುರಿದ್ರೆ ಆ ದೋಣೀಲಿ ನಿಮ್ಮಜ್ಜಿ ಮುಳುಗ್ತಾಳೆ, ನಾನು ಮುರಿದ್ರೆ ನಮ್ಮಜ್ಜಿ."

ಸೇತುವೆ ನಿಲ್ಲುವುದು ಕಾಂಕ್ರೀಟಿನ ಮೇಲಲ್ಲ, ತನ್ನ ಸುಳ್ಳಿನ ಮೇಲೆ ಎಂದು ಬೊಕಾರ್‌ಗೆ ಆಗ ಅರ್ಥವಾಯಿತು. ಗೂಟಗಳು ಬಿದ್ದ ಮೇಲೆ ನಿಜ ಹೇಳಿಬಿಡೋಣ ಎಂದು ನಿಶ್ಚಯಿಸಿದ. ಗೂಟ ಬಿದ್ದ ಮೇಲಾದರೆ ಕಂಬ ಎದ್ದ ಮೇಲೆ, ಕಂಬ ಎದ್ದ ಮೇಲಾದರೆ ಬಾವುಟ ಹಾರಿದ ಮೇಲೆ, ಹೀಗೆ ಆ ನಿಶ್ಚಯ ಎಷ್ಟು ದೂರ ಬೇಕಾದರೂ ನಡೆದು ಹೋಗಬಲ್ಲದಾಗಿತ್ತು.

ಗೂಟ ಹಾಕುವ ದಿನ ಊರೆಲ್ಲ ಬೂರುಗದ ಹತ್ತಿರ ನೆರೆಯಿತು. ಹೊಳೆಯಲ್ಲಿ ಆಗಷ್ಟೇ ಇಳಿತ. ಕೆಲಸದ ಮೇಸ್ತ್ರಿ ಕೂಲಿಯವರೊಂದಿಗೆ ದೋಣಿಯಲ್ಲಿ ಬರುತ್ತಿದ್ದಾನೆ ಎಂದು ಸುದ್ದಿ ಬಂತು. ಮೇಸ್ತ್ರಿ ಯಾರು, ಯಾವ ಕಡೆಯವನು ಎಂದು ವಿಚಾರಿಸಬೇಕೆಂದು ಬೊಕಾರ್‌ಗೆ ಹೊಳೆದಿರಲಿಲ್ಲ. ಸಿಮೆಂಟು, ಕಬ್ಬಿಣ, ಮರಳು ಎಲ್ಲವನ್ನೂ ವಿಚಾರಿಸಿದ್ದ.

ದೋಣಿ ಕೆಸರಲ್ಲಿ ನಿಂತಿತು. ಎತ್ತರದ, ಅಗಲ ಎದೆಯ ಆಸಾಮಿಯೊಬ್ಬ ಪ್ಯಾಂಟನ್ನು ಮೊಣಕಾಲವರೆಗೆ ಸುತ್ತಿಕೊಂಡು, ಒಂದು ಕೈಯಲ್ಲಿ ಬೂಟು, ಇನ್ನೊಂದರಲ್ಲಿ ದೊಡ್ಡ ಮರದ ಕೊಡತಿ ಹಿಡಿದು ದಡ ಹತ್ತಿದ. ಬೊಕಾರ್‌ನ ಮುಂದೆ ಬಂದು, ತಾನು ಮೇಸ್ತ್ರಿ ಜೆಗಾನ್ ಫಾಯ್ ಎಂದು ವಿನಯದಿಂದ ಹೇಳಿಕೊಂಡ. ಫಾಯ್ ಎಂದರೆ ಸೆರೇರ್. ಅದರಲ್ಲಿ ಎರಡು ಮಾತಿಲ್ಲ. ಸೆರೇರ್ ಎದುರಾದ ಕೂಡಲೇ ತುಕುಲೋರ್ ನಾಲಿಗೆ ಏನು ಮಾಡುತ್ತದೋ, ಬೊಕಾರ್‌ನ ನಾಲಿಗೆಯೂ ಅದನ್ನೇ ಮಾಡಿತು. ಅದು ಅವನನ್ನು ಕೇಳಲಿಲ್ಲ.

"ಪರ್ವಾಗಿಲ್ವೇ ಫಾಯ್. ಒಡೆಯರ ಮುಂದೆ ಬೂಟು ಕೈಲಿ ಹಿಡ್ಕೊಂಡು ಬರೋದನ್ನ ಕಲ್ತಿದೀಯ. ನಮ್ಮ ಸೆರೇರ್ ಆಳುಗಳಿಗೂ ಬುದ್ಧಿ ಬಂತು ಅನ್ನು."

ಪೇಟೆಯ ಮಾತಾದ ವೊಲೋಫ್‌ನಲ್ಲಿ, ಊರಿಗೆಲ್ಲ ತಿಳಿಯುವ ಹಾಗೆ, ಗಟ್ಟಿಯಾಗಿ. ಜೆಗಾನ್‌ನ ವಿನಯವೆಲ್ಲ ಹಾರಿಹೋಗಿ ಮುಖ ಅರಳಿತು. "ಓಹೋ, ತುಕುಲೋರಾ? ಅದಕ್ಕೇ ಅನ್ನದ ವಾಸನೆ ಬಂದ ಕಡೆ ಮೂಗು ತಿರುಗಿಸ್ಕೊಂಡು ನಿಂತಿದೀಯ. ಒಡೆಯ ಬಂದಿದಾನೆ, ಕೊಡತಿ ಇಸ್ಕೊಳ್ಳೋ," ಎಂದು ಅದನ್ನು ಬೊಕಾರ್‌ನ ಕೈಗೆ ತುರುಕಿ, ನದಿಯ ದಂಡೆಯ ಯಾವ ಊರು ಎಂದು ವಿಚಾರಿಸಿದ.

ಬೊಕಾರ್ ಕೊಡತಿ ಹಿಡಿದು ನಿಂತ. ಲಾಂಡಿಂಗ್ ಮೆಲ್ಲಗೆ ಒಂದು ಎಣ್ಣೆತಾಳೆಯ ಮರದ ಹಿಂದಕ್ಕೆ ಸರಿದ.

ಯೂಲಾಲಿ ಮುಂದೆ ಬಂದಳು. ಕೇಳಿದ್ದು ಬೊಕಾರ್‌ನನ್ನಲ್ಲ, ಜೆಗಾನ್‌ನನ್ನು: ಇವನು ಸೆರೇರ್ ಅಲ್ಲವೇ ಎಂದು. ಜೆಗಾನ್ ಬಾಯಿ ತೆರೆದ, ಮುದುಕಿಯ ಮುಖ ನೋಡಿದ, ಸಾಹೇಬನ ಮುಖ ನೋಡಿದ, ಏನೋ ಎಡವಟ್ಟಾಗಿದೆ ಎಂದು ತಿಳಿದು ಬಾಯಿ ಮುಚ್ಚಿಕೊಂಡ. ಅವನು ಬೇಕಾದರೆ ಒಂದು ಸುಳ್ಳು ಹೇಳಿಯಾನು, ಅದು ನಿಂತರೂ ನಿಂತೀತು ಎಂದು ಬೊಕಾರ್‌ಗೆ ಅನ್ನಿಸಿತು. ಇನ್ನೊಬ್ಬನ ಬಾಯಿಂದ ಇನ್ನೊಂದು ಸುಳ್ಳು. ಚಾಪೆಯ ಮೇಲೆ ಅದಕ್ಕೂ ವಾದ ಹುಡುಕಬೇಕಾಗುತ್ತದೆ.

"ಅಲ್ಲ ಅಜ್ಜಿ," ಎಂದ ಅವನು. "ನಾನು ತುಕುಲೋರ್."

ಯೂಲಾಲಿ ಅವನ ಕೈಯ ಕೊಡತಿಯನ್ನು ತೆಗೆದು ನೆಲಕ್ಕಿಟ್ಟಳು. ಆಮೇಲೆ, ಹಾಗಾದರೆ ನಾವು ಮಾತು ಕೊಟ್ಟದ್ದು ನಿನಗಲ್ಲ, ಇಲ್ಲಿಲ್ಲದ ಯಾರೋ ಒಬ್ಬನಿಗೆ ಎಂದಳು. ಹೆಂಗಸರು ಕಳ್ಳಿನ ಬುರುಡೆಗಳನ್ನು ಎತ್ತಿಕೊಳ್ಳತೊಡಗಿದರು. ಮರದ ಹಿಂದಿನಿಂದ ಲಾಂಡಿಂಗ್, ಮೊದಲು ಆ ಸುಳ್ಳು ಹೇಳಿದ್ದು ತಾನು, ಶಿಕ್ಷೆ ತನಗೆ ಕೊಡಬೇಕು ಎಂದು ಬೇಡಿಕೊಂಡ. ಅವಳು ಅತ್ತ ತಿರುಗಲೂ ಇಲ್ಲ.

"ನೀನು ಹೆದರ್ಕೊಂಡು ಹೇಳಿದ್ದು. ಹೆದರಿಕೆ ಸುಳ್ಳು ಅವತ್ತಿನ ಸಂಜೆಗೇ ಸಾಯುತ್ತೆ. ಆಮೇಲೆ ದಿನಾ ಅದಕ್ಕೆ ನೀರು ಹಾಕಿ ಸಾಕಿದೋನು ಇವನು."

ಆ ಹೊತ್ತಿಗೆ ಪೂರ್ತಿ ಕತೆ ಊರಿನವರ ಮೂಲಕ ಜೆಗಾನ್‌ನ ಕಿವಿಗೆ ಬಿದ್ದಿತ್ತು. ಮೊದಲು ಅವನ ಭುಜಗಳು ಕುಲುಕಿದವು, ಆಮೇಲೆ ಹೊಟ್ಟೆ. ಕೊನೆಗೆ ನಿಲ್ಲಲಾರದೆ ಕೆಸರಲ್ಲೇ ಕೂತುಬಿಟ್ಟ. ತುಕುಲೋರ್ ಒಬ್ಬ ತಾನಾಗಿಯೇ ತಿಂಗಳುಗಟ್ಟಲೆ ಸೆರೇರ್ ಆಗಿದ್ದ! ಇದನ್ನು ಕೇಳಲು ತನ್ನಪ್ಪ ಬದುಕಿರಬೇಕಿತ್ತು, ಸತ್ತು ತಪ್ಪು ಮಾಡಿದ ಎಂದು ಕಣ್ಣೊರೆಸಿಕೊಂಡ. ನಂತರ ಎದ್ದು, ನ್ಯಾಯಸ್ಥಾನದಲ್ಲಿ ನಿಂತವನ ಹಾಗೆ ಎದೆ ಸೆಟೆಸಿ, ಈ ಮನುಷ್ಯ ತನ್ನ ಆಳು, ಒಡೆಯನ ಅಂಗಿ ಕದ್ದು ಹಾಕಿಕೊಂಡು ತಿರುಗಿದ್ದಾನೆ, ಆದ್ದರಿಂದ ಇವನನ್ನು ತನ್ನ ವಶಕ್ಕೆ ಕೊಡಬೇಕು ಎಂದು ವಾದಿಸಿದ.

"ನಿನ್ನ ಆಳಾ?" ಎಂದಳು ಯೂಲಾಲಿ. "ನೀನು ಯಾರ ಆಳು?"

"ನಾನು ನಿಮ್ದೇ ಅಲ್ವಾ ಅಜ್ಜಿ. ಬೇರೆ ಯಾರು ಇಟ್ಕೋತಾರೆ ನನ್ನ?"

"ನಿನ್ನ ಅಂಗಳದ ಕೋಳಿ ಮೊಟ್ಟೆ ಇಟ್ರೆ ಮೊಟ್ಟೆ ಯಾರ್ದು?"

ಜೆಗಾನ್ ತಲೆ ಕೆರೆದುಕೊಂಡ. ಅದೂ ನಿಮ್ಮದೇ ಎಂದು ಒಪ್ಪಿಕೊಳ್ಳಬೇಕಾಯಿತು. ಹೆಂಗಸರಲ್ಲಿ ಗುಜುಗುಜು ಎದ್ದಿತು. ಆಳಿನ ಆಳು ತಮ್ಮ ಆಳೇ ಎಂದು ಕೆಲವರು. ಗುಡಿಯ ಮುಂದೆ ಕೊಟ್ಟ ಮಾತು ಹೀಗೆ ಒಬ್ಬನಿಂದ ಇನ್ನೊಬ್ಬನ ಮೇಲೆ ಜಾರಿ ಬೀಳಲು ಅದೇನು ಸೋರುವ ಸೂರಿನ ನೀರೇ ಎಂದು ಉಳಿದವರು. ಯೂಲಾಲಿ ಯಾರ ಪಕ್ಷವನ್ನೂ ವಹಿಸಲಿಲ್ಲ. ಒಂದು ಬುರುಡೆ ಕಳ್ಳು ಹಿಡಿದು ಒಬ್ಬಳೇ ಬೂರುಗದ ಬೇರುಗಳ ನಡುವೆ ಹೋದಳು.

ಬಹಳ ಹೊತ್ತಾಯಿತು. ಹೊಳೆ ಇಳಿದು ಇಳಿದು ಕಾಂಡ್ಲಾ ಬೇರುಗಳೆಲ್ಲ ಬರಿಮೈಯಾದವು. ಬೊಕಾರ್ ಕೂಡ ನಿಂತಲ್ಲೇ ಕಣ್ಣು ಮುಚ್ಚಿದ. ಈ ಸಲ ಅವನ ಹತ್ತಿರ ವಾದ ಇರಲಿಲ್ಲ. ಕೆಸರಲ್ಲಿ ಕೂತುಬಿಟ್ಟ ಆ ದೋಣಿಯಲ್ಲಿ ಇವತ್ತು ಯಾವ ಬಸುರಿಯೂ ಇಲ್ಲವಲ್ಲ ಎಂದಷ್ಟೇ ನೆನೆದ. ನಾಳೆಯೂ ಇಲ್ಲದಿರಲಿ ಎಂದು ಕೇಳಿಕೊಂಡ. ತನ್ನ ಹೆಸರು ಎಲ್ಲೂ ಬಾರದ ಪ್ರಾರ್ಥನೆ ಇಷ್ಟು ಚಿಕ್ಕದಾಗಿ ಮುಗಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಯೂಲಾಲಿ ಹಿಂತಿರುಗಿದಳು. ಬಾಯಿಂದ ಹುಟ್ಟಿದ್ದನ್ನು ಬಾಯೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಅದೂ ಯಾರಿಗೆ ಅದರಿಂದ ಹೆಚ್ಚು ಅವಮಾನವೋ ಅವರ ಕಿವಿಯಲ್ಲಿ ಎಂದು ಗುಡಿ ಹೇಳಿದೆ ಎಂದಳು. ಗುಡಿ ಹೇಳಿತೋ ಇವಳೇ ಹೇಳಿದಳೋ ಕೇಳುವ ಧೈರ್ಯ ಯಾರಿಗಿದೆ?

"ತಾಯಿ ಇದಾಳಾ ನಿಂಗೆ? ಫೋನ್ ಹಚ್ಚು. ಎಲ್ರಿಗೂ ಕೇಳೋ ಹಾಗೆ ಇಡು. ಎಲ್ರಿಗೂ ತಿಳಿಯೋ ಮಾತಲ್ಲಿ ಹೇಳು."

ಬೊಕಾರ್ ಎರಡೂ ಕೈ ಜೋಡಿಸಿದ. ವರ್ಗ ಮಾಡಿಸಿ, ಕೆಲಸದಿಂದ ತೆಗೆಸಿ, ಇದೊಂದು ಬೇಡ ಎಂದು ಬೇಡಿದ. ಜೆಗಾನ್ ಸಂತೋಷ ತಡೆಯಲಾರದೆ, ಚಾರ್ಜು ಇಲ್ಲದಿದ್ದರೆ ಇಗೋ ಎಂದು ತನ್ನ ಫೋನನ್ನೇ ಚಾಚಿದ.

ದೂರದ ನದೀತೀರದ ಊರಲ್ಲಿ ಅವನ ತಾಯಿ ಟಾಕ್ಕೋ ಫೋನ್ ಎತ್ತಿಕೊಂಡಳು. ಹಿಂದೆ ಹಸುವೊಂದು ಕೂಗುತ್ತಿತ್ತು. ಕುಶಲ ಕೇಳಿ, ಮನೆಯವರ, ದನಕರುಗಳ, ನೆರೆಹೊರೆಯ ಕುಶಲವನ್ನೆಲ್ಲ ಮುಗಿಸುವಷ್ಟು ಹೊತ್ತು ಬೊಕಾರ್ ದಾರಿ ಬಳಸಿದ. ಇನ್ನು ಕೇಳಲು ಯಾರ ಕುಶಲವೂ ಉಳಿಯದಾದಾಗ ಹೇಳಿದ:

"ಅವ್ವಾ, ನಾನು ಇಲ್ಲಿ ಸೆರೇರ್ ಅಂತ ಹೇಳ್ಕೊಂಡಿದ್ದೆ."

ಹಸು ಕೂಡ ಸುಮ್ಮನಾಯಿತು. ಆಮೇಲೆ ಟಾಕ್ಕೋಳ ದನಿ ಕೇಳಿತು, ತುಂಬ ಮೆತ್ತಗೆ.

"ಹೊಡೆದ್ರಾ ಮಗಾ?"

"ಇಲ್ಲವ್ವಾ."

"ಊಟ ಹಾಕ್ಲಿಲ್ವಾ?"

"ಹಾಕಿದ್ರು."

"ಮತ್ತೇನು ಕೇಡು ಬಂದಿತ್ತು ನಿಂಗೆ?"

ಬೊಕಾರ್ ಒಮ್ಮೆ ಹೆಂಗಸರತ್ತ ನೋಡಿ ತಲೆ ತಗ್ಗಿಸಿದ. "ಮನೆಯವನ ಹಾಗೆ ಬೈತಿದ್ರು ಅವ್ವಾ. ಸಾಹೇಬ ಅಂತ ಯಾರೂ ದೂರ ಇಡ್ಲಿಲ್ಲ. ಬಿಟ್ಟುಕೊಡೋಕೆ ಮನಸ್ಸಾಗ್ಲಿಲ್ಲ."

ಬುರುಡೆ ಹಿಡಿದಿದ್ದ ಹೆಂಗಸೊಬ್ಬಳು ಅದನ್ನು ಮತ್ತೆ ನೆಲಕ್ಕಿಟ್ಟಳು. ಆ ಸದ್ದು ಎಲ್ಲರಿಗೂ ಕೇಳಿಸಿತು.

ಟಾಕ್ಕೋ ಅಲ್ಲಿ ಯಾರಾದರೂ ನಿಜವಾದ ಸೆರೇರ್ ಇದ್ದರೆ ಅವನ ಕೈಗೆ ಕೊಡು ಎಂದಳು. ಜೆಗಾನ್‌ಗೆ ಅವಳಿಂದ ಬಿದ್ದ ಬೈಗುಳಗಳನ್ನು ಬರೆಯುವಂತಿಲ್ಲ. ತನ್ನ ಮಗ ಕೆಟ್ಟದ್ದು ಸೆರೇರರ ಗಾಳಿ ಸೋಕಿ ಎಂಬುದು ಅವುಗಳ ಸಾರಾಂಶ. ಹಾಗಾದರೆ ಇವನನ್ನು ಇಲ್ಲೇ ಇಟ್ಟುಕೊಳ್ಳುತ್ತೇವೆ ಎಂದು ಜೆಗಾನ್ ಹೆದರಿಸಿದ. ಇಟ್ಟುಕೊಳ್ಳಿ, ಆದರೆ ಹೊಟ್ಟೆ ತುಂಬ ಹಾಕಬೇಕು, ಅವನು ಹೆಚ್ಚು ತಿನ್ನುತ್ತಾನೆ ಎಂದಳು ಟಾಕ್ಕೋ. ಆಗ ಯೂಲಾಲಿ ಫೋನು ಕಿತ್ತುಕೊಂಡು, "ಅದು ನಂಗೆ ಗೊತ್ತು ತಂಗೀ, ನಮ್ಮ ಅರ್ಧ ಕಣಜ ಅವನ ಹೊಟ್ಟೇಲೇ ಇದೆ," ಎಂದಳು. ಆಮೇಲೆ ಇಬ್ಬರೂ ಮುದುಕಿಯರು ಬೊಕಾರ್ ಅಲ್ಲಿದ್ದಾನೆಂಬುದನ್ನೇ ಮರೆತು, ಅವನ ಸೋಮಾರಿತನ, ತೆಳ್ಳಗಿನ ಕಾಲು, ಇನ್ನೂ ಆಗದ ಮದುವೆ ಎಲ್ಲವನ್ನೂ ಒಂದೊಂದಾಗಿ ತೆಗೆದು ನೋಡಿದರು. ಅವನು ಕೇಳುತ್ತಾ ನಿಂತಿದ್ದ. ನಗುವವರು ನಕ್ಕರು. ಅವನಿಗೂ ತುಟಿಯಂಚಿನಲ್ಲಿ ನಗು ಬಂದು, ಅದನ್ನು ಅಡಗಿಸಲು ಕೆಮ್ಮಿದ.

ಫೋನಿಟ್ಟ ಮೇಲೆ ಯೂಲಾಲಿ ಕೈಗಳನ್ನು ಸುತ್ತಿಕೊಂಡಿದ್ದ ಬಟ್ಟೆಗೆ ಒರೆಸಿದಳು. ಎಂಜಿನಿಯರು ಸುಣ್ಣದಲ್ಲಿ ಗುರುತು ಮಾಡಿದ್ದ ಜಾಗಕ್ಕೆ ಹೋಗಿ ನೋಡಿ, ಬೂರುಗದ ಬೇರು ಇಲ್ಲಿಯವರೆಗೂ ಬಂದಿದೆ ಎಂದು ಹೇಳಿ, ಕೊಂಚ ಆಚೆ ಸರಿದು ಹಿಮ್ಮಡಿಯಿಂದ ನೆಲದಲ್ಲಿ ಒಂದು ಗುಳಿ ತೋಡಿದಳು. ಜೆಗಾನ್ ಅಳೆದು ನೋಡಿ, ಅಷ್ಟಕ್ಕೆ ಸೇತುವೆ ಬೇಸರ ಮಾಡಿಕೊಳ್ಳುವುದಿಲ್ಲ ಎಂದ.

"ಇವನು ಹಿಡೀಲಿ. ನೀನು ಹೊಡಿ," ಎಂದು ಅವಳು ಅಪ್ಪಣೆ ಕೊಟ್ಟಳು.

ಬೊಕಾರ್ ಮೊಣಕಾಲೂರಿ ಕೂತು ಎರಡೂ ಕೈಯಲ್ಲಿ ಗೂಟವನ್ನು ನೆಟ್ಟಗೆ ಹಿಡಿದ. ಮೇಲೆ ನೋಡಿದರೆ ಜೆಗಾನ್ ಕೊಡತಿಯನ್ನು ಭುಜದ ಮೇಲೆ ತೂಗುತ್ತಾ, ಹಲ್ಲು ಕಿರಿಯುತ್ತಾ, ತುಕುಲೋರ್ ಬೆರಳು ಮೆತ್ತಗಿರುತ್ತವೆ ಎಂದು ಕೇಳಿದ್ದೇನೆ ಎಂದು ಯಾರಿಗೋ ಹೇಳುತ್ತಿದ್ದ.

"ಜೋಪಾನ ಕಣೋ ಫಾಯ್," ಎಂದಳು ಯೂಲಾಲಿ. "ಅವನ ಕೈ ಮುರಿದ್ರೆ ಲುಕ್ಸಾನು ನಂಗೆ, ನಿಂಗಲ್ಲ."

ಬೊಕಾರ್ ಕಣ್ಣು ಮುಚ್ಚಿ ದೇವರ ಹೆಸರು ಹೇಳಿದ. ಕೊಡತಿ ಬಿತ್ತು, ಗೂಟ ಇಳಿಯಿತು, ಮತ್ತೊಮ್ಮೆ ಬಿತ್ತು. ಕಣ್ಣು ತೆರೆದಾಗ ಬೆರಳುಗಳೆಲ್ಲ ಇದ್ದವು. ಯೂಲಾಲಿ ಆಗಲೇ ಮುಂದಿನ ಗೂಟದ ಜಾಗ ಹುಡುಕುತ್ತಾ, ಇಬ್ಬರು ಆಳುಗಳೂ ಇನ್ನೂ ಯಾಕೆ ಅಲ್ಲೇ ಕೂತಿದ್ದಾರೆ ಎಂದು ಗೊಣಗುತ್ತಾ ಹೊಳೆಯ ಕಡೆ ನಡೆದಿದ್ದಳು.